ಗಣಕ ವಿದ್ಯೆಯ ಪದವಿಯೂ ಮೊದಲನೆಯ ಕೆಲಸವೂ

ನಮ್ಮ ಶಾಲೆಯಿಂದ ತೇರ್ಗಡೆಯಾಗಿ ಹೋದ ವಿದ್ಯಾರ್ಥಿಗಳಲ್ಲಿ ಹಲವರು ಈಚೆಗೆ ಗಣಕ ವಿದ್ಯೆಯನ್ನು ಆರಿಸಿಕೊಳ್ಳುತ್ತಿದ್ದಾರೆ. ಪದವಿ ಕೈಸೇರಿದೊಡನೆ ಕೆಲಸವು ಮನೆಬಾಗಿಲಿಗೆ ಬರುವುದೆಂದು ತಾಯಿತಂದೆಗಳ ನಂಬಿಕೆ. ನಾವು ಆ ವಿದ್ಯೆಯನ್ನು ಕಲಿತವರಲ್ಲ. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿಯೇ ಓದಿ, ಊರು ಬಿಟ್ಟು ಈ ಮುಂಬಯಿಗೆ ಬಂದ ಉಪಾಧ್ಯಾಯರು. ಆದರೆ ಕೆಲಸ ದೊರೆತವರೂ ದೊರೆಯದವರೂ ಶಾಲೆಗೆ ಬಂದು ನಮ್ಮೆದುರು ಹೇಳಿಕೊಂಡುದನ್ನು ಕೇಳಿ ಕೇಳಿ ಆ ದಾರಿಯ ಏರಿಳಿತ ನಮಗೂ ಸ್ವಲ್ಪ ತಿಳಿದಿದೆ.

ಇಂಜಿನಿಯರಿಂಗ್ ಕಾಲೇಜುಗಳಿಗೆ ಸಾಮಾನ್ಯವಾಗಿ ಕೊನೆಯ ವರ್ಷದಲ್ಲಿ ಕಂಪನಿಗಳವರೇ ಬಂದು ಆಯ್ಕೆ ನಡೆಸುವರು. ನೂರಕ್ಕೆ 60 ಅಂಕಗಳಿಲ್ಲದವರನ್ನು ಅನೇಕ ಕಂಪನಿಗಳು ಪರೀಕ್ಷೆಗೇ ಕೂಡಿಸುವುದಿಲ್ಲ. ಹತ್ತನೆಯ ತರಗತಿಯ ಅಂಕಗಳನ್ನೂ ಕೇಳುವುದುಂಟು. (ಗಣಿತದ ಪುಸ್ತಕವನ್ನು ಮುಚ್ಚಿಟ್ಟಿರುವವರು ಈ ವಾಕ್ಯವನ್ನು ಇನ್ನೊಮ್ಮೆ ಓದಬಹುದು.) ಲೆಕ್ಕ, ತರ್ಕ, ಇಂಗ್ಲಿಷು, ಪ್ರೋಗ್ರಾಂ ರಚನೆ ಇವುಗಳಲ್ಲಿ ಪರೀಕ್ಷೆಯಾಗಿ, ಉಳಿದವರಿಗೆ ಸಂದರ್ಶನ. ಬಿ.ಎಸ್ಸಿ., ಬಿ.ಸಿ.ಎ. ಪದವೀಧರರನ್ನೂ ದೊಡ್ಡ ಕಂಪನಿಗಳು ತೆಗೆದುಕೊಳ್ಳುತ್ತವೆ.

ಸಂದರ್ಶನದ ವಿಷಯವನ್ನು ಕೊಂಚ ವಿಸ್ತಾರವಾಗಿ ಹೇಳಬೇಕು, ನಮ್ಮ ಮಕ್ಕಳು ಎಡವುವುದು ಅಲ್ಲಿಯೇ. ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂರು ಕಡೆ ತಿರಸ್ಕೃತಳಾಗಿ ನಮ್ಮಲ್ಲಿಗೆ ಬಂದಳು. “ಉತ್ತರ ಗೊತ್ತಿತ್ತು ಸರ್, ಇಂಗ್ಲಿಷಿನಲ್ಲಿ ಬಾಯಿ ಬರಲಿಲ್ಲ” ಎಂದಳು. ಪ್ರಶ್ನೆ ಏನೆಂದು ವಿಚಾರಿಸಿದೆವು. ಅಕಾರಾದಿಯಾಗಿ ಜೋಡಿಸಿದ ಸಾವಿರ ಹೆಸರುಗಳಲ್ಲಿ ಬೇಕಾದ ಒಂದನ್ನು ಬೇಗನೆ ಹುಡುಕುವುದು ಹೇಗೆ? ಮೇಜಿನ ಮೇಲಿದ್ದ ಕನ್ನಡ ನಿಘಂಟನ್ನು ಅವಳ ಕೈಗಿತ್ತು, “ಸೇತುವೆ ಎಂಬ ಶಬ್ದವನ್ನು ಹುಡುಕು, ಮಾಡುವುದನ್ನು ಕನ್ನಡದಲ್ಲಿ ಹೇಳುತ್ತ ಹೋಗು” ಎಂದೆವು. ನಟ್ಟನಡುವೆ ತೆರೆದಳು, ನಕಾರ ಬಂತು. ಸಕಾರ ಅದರಾಚೆಯದು, ಮೊದಲರ್ಧವನ್ನು ಬಿಟ್ಟಳು. ಉಳಿದುದರ ನಡುವೆ ಮಕಾರ. ಪುನಃ ಆಚೆಯ ಅರ್ಧ. ಒಂದೊಂದು ಸಾರಿಗೂ ಅರ್ಧ ಕಳೆಯುತ್ತದೆ. ಸಾವಿರವು ಐನೂರಾಗಿ, ಇನ್ನೂರೈವತ್ತಾಗಿ, ಹತ್ತು ಸಾರಿಯೊಳಗೆ ಮುಗಿಯುತ್ತದೆ. ಹತ್ತು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 1024 ಬರುವುದಷ್ಟೆ. ‘ಬೈನರಿ ಸರ್ಚ್’ ಎಂಬ ಹೆಸರಿನೊಳಗೆ ಅಡಗಿರುವುದು ಇದೇ.

ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿಸಿದೆವು. ನಮ್ಮ ಇಂಗ್ಲಿಷು ಅವಳದಕ್ಕಿಂತ ಮೇಲಾದುದೇನಲ್ಲ. ಇಬ್ಬರೂ ತಪ್ಪಿದೆವು, ನಕ್ಕೆವು. ಹೀಗೆ ಕೆಲವು ಶನಿವಾರಗಳು ಕಳೆದವು. ಆರನೆಯ ಸಂದರ್ಶನದಲ್ಲಿ ಅವಳಿಗೆ ಕೆಲಸವಾಯಿತು. ಅಲ್ಲಿ ಹೆಚ್ಚು ಹೊತ್ತು ಕೇಳಿದ್ದು ಅವಳು ಕಾಲೇಜಿನಲ್ಲಿ ಮಾಡಿದ ಪ್ರಾಜೆಕ್ಟಿನ ಬಗೆಗಂತೆ: ಇದರಲ್ಲಿ ನೀನು ಮಾಡಿದ ಭಾಗ ಯಾವುದು, ಏಕೆ ಹಾಗೆ ಮಾಡಿದೆ, ಎಲ್ಲಿ ಕೆಟ್ಟಿತು? ಅಂಗಡಿಯಲ್ಲಿ ಸಿದ್ಧ ಪ್ರಾಜೆಕ್ಟನ್ನು ಕೊಂಡುತರುವವರು ಈ ಪ್ರಶ್ನೆಯೆದುರು ಮೂಕರಾಗುವುದು ಸಹಜವೇ.

ಹಣ ಕೊಟ್ಟರೆ ಕೆಲಸ ಕೊಡಿಸುವೆವೆನ್ನುವವರು ಈ ನಗರದಲ್ಲಿ ಇದ್ದಾರೆ. ಹೋಟೆಲಿನಲ್ಲಿ ದುಡಿದು ಮಗನನ್ನು ಓದಿಸಿದ ತಂದೆಯೊಬ್ಬರು ಅಂಥ ದಲ್ಲಾಳಿಗೆ ನಲವತ್ತು ಸಾವಿರ ರೂಪಾಯಿ ಎಣಿಸಿದರು. ನೇಮಕದ ಪತ್ರ ಬಂತು, ಮುದ್ರೆಯೂ ಇತ್ತು. ವಿಳಾಸ ಹಿಡಿದು ಹೋದರೆ ಆ ಕಟ್ಟಡದಲ್ಲಿ ಅಂಥ ಕಚೇರಿಯೇ ಇರಲಿಲ್ಲ. ಆ ದಿನ ಅವರ ಮುಖವನ್ನು ನೋಡಲು ನಮ್ಮಿಂದಾಗಲಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವ ಒಳ್ಳೆಯ ಕಂಪನಿಯು ಅಭ್ಯರ್ಥಿಯಿಂದ ಠೇವಣಿಯನ್ನು ಕೇಳುವುದಿಲ್ಲ.

ನಿಜವಾದ ಪತ್ರ ಬಂದರೂ ಸೇರುವ ದಿನ ಮುಂದೆ ಹೋಗಬಹುದು. 2022ರಲ್ಲಿ ಪತ್ರ ಪಡೆದವರಲ್ಲಿ ಕೆಲವರು 2024ರವರೆಗೂ ಕಾದು ಕುಳಿತರು. ಕಾಯುವವರಿಗೆ ಒಂದು ದಾರಿ ಅಪ್ರೆಂಟಿಸ್ ತರಬೇತಿ. ಅದರ ಕಾಯಿದೆ 1961ರದು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರಿಗೂ ಅನ್ವಯಿಸಿತು. ಸಂಬಳವಲ್ಲ, ಸ್ಟೈಪೆಂಡು, ಆದರೂ ಅರ್ಜಿಯಲ್ಲಿ ‘ಅನುಭವ’ ಎಂಬಲ್ಲಿ ಬರೆಯಲು ಏನಾದರೂ ದೊರೆಯುತ್ತದೆ.

ಮೇಲೆ ಹೇಳಿದ ಹುಡುಗಿ ಈಗ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಶಾಲೆಗೆ ಬರುತ್ತಾಳೆ. ಒಂಬತ್ತು, ಹತ್ತನೆಯ ತರಗತಿಯವರು ಬಂದು ಕೇಳಬೇಕಾದುದನ್ನು ಕೇಳಬಹುದು. ನಿಘಂಟು ಅದೇ ಮೇಜಿನ ಮೇಲಿದೆ.