ಜೀಪು ಯಾಕೆ ಕುದಿಯುತ್ತದೆ?

ಎಂಜಿನ್ ಕಾದ ಕೂಡಲೇ ಕೆಲವರು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕ್ತಾರೆ. ದಯವಿಟ್ಟು ಬೇಡ. ಮುಚ್ಚಳವು ಒತ್ತಡ ಹಿಡಿದಿಟ್ಟುಕೊಳ್ಳುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆಗೆದಿರೋ, ಒಮ್ಮೆಲೇ ಆವಿಯಾಗಿ ಮುಖಕ್ಕೇ ಚಿಮ್ಮುತ್ತದೆ. ಪೂರ್ತಿ ಆರಲಿ.

ನಮ್ಮ ಚಿಕ್ಕಪ್ಪನ ಜೀಪು ಬಯಲಲ್ಲಿ ಸರಿಯಿತ್ತು, ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಮುಳ್ಳು ಕೆಂಪಿಗೆ ಹೋಗ್ತಿತ್ತು. ಏರಿನಲ್ಲಿ ಎಂಜಿನ್ನಿಗೆ ದುಡಿತ ಜಾಸ್ತಿ, ಎದುರುಗಾಳಿ ಕಡಿಮೆ. ನೀರು ಸೋರುತ್ತಿರಲಿಲ್ಲ, ಫ್ಯಾನ್ ಬೆಲ್ಟೂ ಬಿಗಿಯಾಗಿತ್ತು. ಮೆಕ್ಯಾನಿಕ್ ಎಂಜಿನ್ ಆಫ್ ಮಾಡಿಸಿ ರೇಡಿಯೇಟರ್ ಮೇಲೆ ಕೈಯಾಡಿಸಿದರು. ಕೆಲವು ಕಡೆ ಬಿಸಿ, ಕೆಲವು ಕಡೆ ತಣ್ಣಗೆ! ತಣ್ಣಗಿದ್ದಲ್ಲಿ ಕೊಳವೆ ಕಟ್ಟಿಕೊಂಡಿತ್ತು. ವರ್ಷಗಟ್ಟಲೆ ಬೋರ್‌ವೆಲ್ಲಿನ ಗಡಸು ನೀರು ಹಾಕಿದ್ದಕ್ಕೆ, ಸ್ನಾನದ ಹಂಡೆಯಲ್ಲಿ ಕಟ್ಟುತ್ತದಲ್ಲಾ, ಅಂಥದೇ ಬಿಳಿ ಸುಣ್ಣ. ತೊಳೆಸಿ ಕೂಲೆಂಟ್ ಹಾಕಿಸಿದ ಮೇಲೆ ಸರಿಹೋಯಿತು.

ಎಂಜಿನ್ ಕಾದರೂ ಮೇಲಿನ ಪೈಪು ಬಿಸಿಯಾಗದಿದ್ದರೆ ಥರ್ಮೋಸ್ಟಾಟ್ ಮೇಲೆ ಅನುಮಾನ. ಬಿಚ್ಚಿ ಕುದಿಯುವ ನೀರಿಗೆ ಹಾಕಿದರೆ ಅದು ಬಾಯಿ ತೆರೀಬೇಕು. ಕೆಲವರು ಅದನ್ನು ಕಿತ್ತೇ ಬಿಸಾಕ್ತಾರೆ, ನನಗೆ ಸರಿ ಕಾಣಲ್ಲ. ಎಂಜಿನ್ ಹದಕ್ಕೆ ಬರುವುದು ತಡವಾಗಿ ಡೀಸೆಲ್ ಸುಮ್ಮನೆ ಖರ್ಚು.

ಆಯಿಲ್ ಏನಾದರೂ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ, ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ಆಗ ಸ್ಟಾರ್ಟ್ ಮಾಡಲೇಬಾರದು, ಹಗ್ಗ ಕಟ್ಟಿ ಎಳೆಸಿಕೊಂಡು ಹೋಗುವುದೇ ಸೈ.