ಡೈರಿ ಗೋಡೆಯ ಮೇಲೆ ಊರಿನ ಲೆಕ್ಕ

ಬೆಳಿಗ್ಗೆ ಆರೂವರೆಗೆಲ್ಲ ಹಾಲಿನ ಡೈರಿ ಮುಂದೆ ಸಾಲು ಬೆಳೆದಿರುತ್ತದೆ. ಸ್ಟೀಲ್ ಕ್ಯಾನು ಹಿಡಿದ ಹೆಂಗಸರು, ಬೈಕಿನ ಹ್ಯಾಂಡಲ್ಲಿಗೆ ಕ್ಯಾನು ತಗುಲಿಸಿಕೊಂಡು ಬಂದ ಹುಡುಗರು, ಯೂನಿಫಾರಂನಲ್ಲೇ ಓಡಿಬಂದ ಶಾಲೆ ಮಕ್ಕಳು. ಹಾಲು ಅಳೆದು, ಫ್ಯಾಟು ನೋಡಿ, ಚೀಟಿ ಕೈಗೆ ಬರುವ ತನಕ ನಿಲ್ಲಲೇಬೇಕು. ನಿಂತವರ ಕಣ್ಣಿಗೆ ನೇರವಾಗಿ ಬೀಳುವುದು ಎದುರು ಗೋಡೆಯ ಕರಿಹಲಗೆ. ಆರಡಿ ಅಗಲ, ನಾಲ್ಕಡಿ ಎತ್ತರ ಇರಬಹುದು. ಸಿಮೆಂಟ್ ಗೋಡೆಗೇ ಕರಿಬಣ್ಣ ಬಳಿದು ಮಾಡಿದ್ದು. ನೆತ್ತಿಯ ಮೇಲೆ ‘ಪಂಚಾಯ್ತಿ ಲೆಕ್ಕ’ ಎಂದು ಬಿಳಿ ಪೇಂಟಿನಲ್ಲಿ ಬರೆದಿದೆ. ಅದರ ಕೆಳಗೆ ಸೀಮೆಸುಣ್ಣದಲ್ಲಿ ಮೂರು ಕಾಲಂ: ಬಂದದ್ದು, ಹೋದದ್ದು, ಉಳಿದದ್ದು.

ತುಮಕೂರು ಜಿಲ್ಲೆಯ ಈ ಊರಿಗೆ ನಾನು ಹೊರಟದ್ದು ಜಮಾಬಂದಿ ನೋಡಲು. ಗ್ರಾಮ ಪಂಚಾಯ್ತಿ ಹಿಂದಿನ ವರ್ಷ ಪಡೆದ ಹಣ, ಮಾಡಿದ ಖರ್ಚು ಎರಡನ್ನೂ ಊರವರ ಮುಂದೆ ಇಟ್ಟು, ಆದ ಕೆಲಸವನ್ನು ಸ್ಥಳಕ್ಕೇ ಕರೆದೊಯ್ದು ತೋರಿಸುವ ದಿನಕ್ಕೆ ನಮ್ಮ ಪಂಚಾಯತ್ ರಾಜ್ ವ್ಯವಸ್ಥೆ ಇಟ್ಟಿರುವ ಹೆಸರು ಅದು. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯಬೇಕು. ನಾಲ್ಕು ಪುಟ ಟಿಪ್ಪಣಿ ಮಾಡಿಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸಾಗುವ ಅಂದಾಜಿನಲ್ಲಿ ಹೋಗಿದ್ದೆ. ಈ ಹಲಗೆ ಕಂಡ ಮೇಲೆ, ಅದನ್ನು ಹಾಕಿಸಿದ ಹೆಂಗಸಿನ ಜಗಲಿಯಲ್ಲಿ ಕೂತ ಮೇಲೆ, ಎರಡು ದಿನ ಅಲ್ಲೇ ಉಳಿದೆ.

ಊರಿಗೆಲ್ಲ ಅವರು ಅಧ್ಯಕ್ಷಮ್ಮ. ಅವಧಿ ಮುಗಿದು ವರ್ಷಗಳಾದರೂ ಹೆಸರು ಹಾಗೇ ಉಳಿದಿದೆ. ಅರವತ್ತರ ಹತ್ತಿರದ ವಯಸ್ಸು. ಓದಿದ್ದು ನಾಲ್ಕನೇ ಕ್ಲಾಸು. ಎರಡು ಸೀಮೆಹಸು, ಒಂದೂವರೆ ಎಕರೆ ರಾಗಿ ಹೊಲ. ಮಹಿಳಾ ಮೀಸಲಿನಲ್ಲಿ ಸದಸ್ಯೆಯಾಗಿ ಬಂದು ಮೂವತ್ತು ತಿಂಗಳು ಅಧ್ಯಕ್ಷೆಯಾಗಿದ್ದರು. ಮೊದಲ ಸಭೆಯ ದಿನ ಗಂಡ ಬಿಳಿ ಪಂಚೆ ಉಟ್ಟು ಜೊತೆಗೆ ಹೊರಟು ನಿಂತರಂತೆ. “ಹಸಕ್ಕೆ ನೀರು ಕುಡಿಸೋರು ಯಾರು? ನೀನು ಮನೇಲಿರು ಅಂದೆ” ಎಂದು ಅಧ್ಯಕ್ಷಮ್ಮ ಹೇಳುವಾಗ, ಪಕ್ಕದಲ್ಲೇ ಹುಲ್ಲು ಕತ್ತರಿಸುತ್ತಿದ್ದ ಗಂಡ ತಲೆಯೆತ್ತಿ ನಕ್ಕರು. ಕರ್ನಾಟಕದಲ್ಲಿ ಪಂಚಾಯ್ತಿಯ ಅರ್ಧ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟದ್ದು 2010ರಲ್ಲಿ. ಕುರ್ಚಿಯಲ್ಲಿ ಹೆಂಡತಿ, ಫೈಲಿನ ಮೇಲೆ ಗಂಡನ ಕೈ ಎಂಬ ಮಾತನ್ನು ಆಮೇಲೂ ಕೇಳುತ್ತಲೇ ಬಂದಿದ್ದೇವೆ. ಈ ಜಗಲಿಯಲ್ಲಿ ಆ ಮಾತಿಗೆ ಎಡೆ ಇರಲಿಲ್ಲ.

ಹಲಗೆಗೆ ಡೈರಿ ಗೋಡೆಯೇ ಯಾಕೆ? ಪಂಚಾಯ್ತಿ ಕಚೇರಿಯಲ್ಲೇ ನೋಟಿಸ್ ಬೋರ್ಡ್ ಇರಲಿಲ್ಲವೇ? ಕೇಳಿದೆ.

“ಇತ್ತು ಸಾ. ಅದನ್ನ ಓದೋರು ಯಾರು? ಪಂಚಾಯ್ತಿ ಆಪೀಸಿಗೆ ಜನ ಕೆಲಸ ಇದ್ದಾಗ ಬರ್ತಾರೆ, ಡೈರಿಗೆ ದಿನಾ ಎರಡು ಹೊತ್ತು ಬರ್ತಾರೆ. ಫ್ಯಾಟಿನಲ್ಲಿ ಒಂದು ಪಾಯಿಂಟ್ ಕಮ್ಮಿ ಬರಲಿ, ಸೆಕ್ರೆಟರಿ ಹತ್ರ ಜಗಳಕ್ಕೇ ನಿಲ್ತಾರೆ. ಪಂಚಾಯ್ತಿ ದುಡ್ಡೂ ಅವರದೇ ಅಲ್ವಾ? ಅದನ್ನ ಯಾಕೆ ಕೇಳಲ್ಲ ಅಂತ ನಂಗೆ ರಾತ್ರಿಯೆಲ್ಲ ಯೋಚನೆ. ಅವರು ಬರದಿದ್ರೆ ಬೇಡ, ಅವರು ನಿಂತಿರೋ ಕಡೆಗೇ ಲೆಕ್ಕ ತಗೊಂಡೋಗಣ ಅಂದ್ಕಂಡೆ.”

ಪ್ರತಿ ತಿಂಗಳ ಮೊದಲ ವಾರ ಬರೆಯುವುದು ರೂಢಿ. ಅಂಕಿಗಳೆಲ್ಲ ಕನ್ನಡದವು, ಅಧ್ಯಕ್ಷಮ್ಮ ಶಾಲೆಯಲ್ಲಿ ಕಲಿತದ್ದು ಅವನ್ನೇ. ಹಲಗೆಯ ಹತ್ತಿರ ಹೋಗಿ ಓದಿದರೆ, ಸರ್ಕಾರಿ ಕಾಗದದಲ್ಲಿ ಕಾಣುವ ಭಾಷೆ ಅಲ್ಲಿಲ್ಲ. ‘ವಾರ್ಡ್ ನಂ. 2ರಲ್ಲಿ ಸಿ.ಸಿ. ಚರಂಡಿ ಕಾಮಗಾರಿ’ ಎಂದು ಅಂದಾಜುಪಟ್ಟಿಯಲ್ಲಿರುವುದು ಇಲ್ಲಿ ‘ಬೇವಿನಮರದಿಂದ ಮಾರಮ್ಮನ ಗುಡಿ ತನಕ ಮೋರಿ’ ಆಗುತ್ತದೆ. ಎಷ್ಟು ಮೀಟರ್ ಎಂಬುದರ ಪಕ್ಕದಲ್ಲೇ ಎಷ್ಟು ಹೆಜ್ಜೆ ಎಂದೂ ಬರೆದಿದೆ. ಆ ಹೆಜ್ಜೆಯನ್ನು ಅವರೇ ನಡೆದು ಎಣಿಸುತ್ತಿದ್ದರು. ಅಳತೆ ಪುಸ್ತಕ ಎಂಜಿನಿಯರ್ ಕೈಲಿರುತ್ತದೆ, ಹೆಜ್ಜೆ ಹಾಕಿ ನೋಡಲು ಯಾರ ಅಪ್ಪಣೆ ಬೇಕು? ಹಾಲು ಹಾಕಿ ಮನೆಗೆ ಹೋಗುವ ದಾರಿಯಲ್ಲಿ ಎಷ್ಟೋ ಜನ ಎಣಿಸಿ ನೋಡಿದ್ದಾರೆ. ಬೀದಿದೀಪದ ಬಲ್ಬು ಎಷ್ಟು ತಂದರು ಎಂಬುದಕ್ಕಿಂತ ಯಾರ ಮನೆ ಮುಂದಿನ ಕಂಬಕ್ಕೆ ಹಾಕಿದರು ಎಂಬುದು ದೊಡ್ಡ ಅಕ್ಷರದಲ್ಲಿತ್ತು. ಬೋರ್‌ವೆಲ್ ಮೋಟಾರು ಸುಟ್ಟರೆ ಸುಟ್ಟ ದಿನ, ಕಟ್ಟಿಸಿ ತಂದ ದಿನ, ನೀರು ಬಂದ ದಿನ ಮೂರನ್ನೂ ಬರೆಯುತ್ತಿದ್ದರು.

ಮಳೆ ಬಂದರೆ ಸೀಮೆಸುಣ್ಣ ಅಳಿಸುತ್ತದೆ. ಅದಕ್ಕೆ ಜಾತ್ರೆಯ ಹಳೇ ಫ್ಲೆಕ್ಸೊಂದನ್ನು ಹಲಗೆಯ ಮೇಲೆ ಪರದೆಯ ಹಾಗೆ ಕಟ್ಟಿದ್ದಾರೆ, ಹಗ್ಗ ಎಳೆದರೆ ಸುತ್ತಿಕೊಂಡು ಮೇಲೇಳುತ್ತದೆ. ಒಂದು ರಾತ್ರಿ ಯಾರೋ ಹಲಗೆಯ ತುಂಬ ಸಗಣಿ ಬಳಿದು ಹೋಗಿದ್ದರಂತೆ. ಬೆಳಗಿನ ಹಾಲಿನ ಹೊತ್ತಿಗೆ ಅಧ್ಯಕ್ಷಮ್ಮ ಕೊಡದಲ್ಲಿ ನೀರು ತಂದು ತೊಳೆದು, ಸಾಲಿನಲ್ಲಿ ನಿಂತವರ ಎದುರಿಗೇ ಮತ್ತೆ ಮೊದಲಿಂದ ಬರೆದರು. ಯಾರು ಮಾಡಿದ್ದು ಎಂದು ಅವರು ಹೇಳಲಿಲ್ಲ, ನಾನೂ ಕೆದಕಲಿಲ್ಲ. “ಓದಿದ್ದಕ್ಕೇ ತಾನೇ ಬಳಿದಿದ್ದು” ಎಂದಷ್ಟೇ ಹೇಳಿ ಕಾಫಿಗೆ ನೀರಿಡಲು ಎದ್ದರು.

ಜಮಾಬಂದಿಯ ಹಿಂದಿನ ಕಥೆ ಹೇಳಿದವರು ಅದೇ ಬೀದಿಯ ಕೊನೆಯ ಮನೆಯ ನಿವೃತ್ತ ಪಂಚಾಯ್ತಿ ಕಾರ್ಯದರ್ಶಿ. ಎಂಬತ್ತು ದಾಟಿದೆ, ನೆನಪು ಚುರುಕಾಗಿದೆ. ತಂದೆ ಶಾನುಭೋಗರು. ಆ ಕಾಲಕ್ಕೆ ಜಮಾಬಂದಿ ಎಂದರೆ ಕಂದಾಯದ ವಾರ್ಷಿಕ ಲೆಕ್ಕ ತಪಾಸಣೆ. ಶಾನುಭೋಗರು ಊರಿನ ಲೆಕ್ಕದ ಪುಸ್ತಕಗಳನ್ನು ಗಂಟು ಕಟ್ಟಿ, ಗಾಡಿಯಲ್ಲಿ ಹೇರಿಕೊಂಡು ತಾಲ್ಲೂಕು ಕಚೇರಿಗೆ ಹೋಗಿ ಸಾಹೇಬರ ಮುಂದೆ ಒಪ್ಪಿಸಬೇಕಿತ್ತು. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು, ಶಾನುಭೋಗಿಕೆ ಹೋಯಿತು. ಜಮಾಬಂದಿ ಎಂಬ ಹೆಸರು ಮಾತ್ರ ಉಳಿದುಕೊಂಡು ಪಂಚಾಯ್ತಿಗೆ ಬಂತು. ಹಳೆಯದರಲ್ಲಿ ಊರು ತನ್ನ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುತ್ತಿತ್ತು; ಈಗಿನದರಲ್ಲಿ ಪಂಚಾಯ್ತಿ ತನ್ನ ಲೆಕ್ಕವನ್ನು ಊರಿಗೆ ಒಪ್ಪಿಸಬೇಕು.

ಅವರ ಮಾತಿನ ನಡುವೆ ಕಡತದ ವಿಷಯ ಬಂತು. ಈಗ ಕಡತ ಎಂದರೆ ಕಚೇರಿಯ ಫೈಲು. ಮೊದಲು ಕಡತವೆಂದರೆ ಬಟ್ಟೆಯ ಪುಸ್ತಕ. ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬಿಳಿಯಾಗಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ, ಮತ್ತೆ ಮಸಿ ಬಳಿದು ಹೊಸ ಲೆಕ್ಕ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಚರಿತ್ರೆಯ ಪುಸ್ತಕದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ದೊಡ್ಡ ಆಕರ. ಅಧ್ಯಕ್ಷಮ್ಮನಿಗೆ ಇದನ್ನು ಹೇಳಿದೆ. ಅವರು ಹಲಗೆಯನ್ನೊಮ್ಮೆ ನೋಡಿ, “ಹಂಗಾದ್ರೆ ನಮ್ದೂ ಕಡತಾನೇ” ಎಂದರು. ಕರಿಯ ಮೇಲೆ ಬಿಳಿ, ಒರೆಸಿ ಬರೆಯುವ ಲೆಕ್ಕ. ನನಗೂ ಹಾಗೇ ಅನಿಸಿತು.

ಹಿರಿಯರ ಮುಖ ಹೆಚ್ಚು ಅರಳಿದ್ದು ನಜೀರ್ ಸಾಬರ ಹೆಸರು ಬಂದಾಗ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಆದವರು. 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳು ಬಂದವು, 1987ರಲ್ಲಿ ಚುನಾವಣೆ ನಡೆಯಿತು, ಹೆಂಗಸರಿಗೆ ಕಾಲುಭಾಗ ಮೀಸಲು ಸಿಕ್ಕಿತು. ಮಾರನೇ ವರ್ಷವೇ ನಜೀರ್ ಸಾಬ್ ತೀರಿಕೊಂಡರು. ಸಂವಿಧಾನದ 73ನೇ ತಿದ್ದುಪಡಿ ಬಂದ ಮೇಲೆ 1993ರ ಕಾಯ್ದೆಯಾಗಿ ಈಗಿನ ಗ್ರಾಮ ಪಂಚಾಯ್ತಿಗಳು ಹುಟ್ಟಿದವು. ನಾನೂರು ಜನಕ್ಕೊಬ್ಬ ಸದಸ್ಯ. ರಾಜ್ಯದಲ್ಲೀಗ ಸುಮಾರು ಆರು ಸಾವಿರ ಪಂಚಾಯ್ತಿಗಳಿವೆ. ಲೆಕ್ಕವನ್ನು ಜನರ ಮುಂದೆ ಓದುವ ಮಾತಿಗೆ ಬಂದರೆ, ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿಯ ಹಾಜರಿ ಪಟ್ಟಿಯನ್ನು ಬಯಲಿನಲ್ಲಿ ಓದಿಸಿ ಜನಸುನವಾಯಿ ಶುರುಮಾಡಿದ್ದು 1994ರ ಕೊನೆಗೆ. ಸತ್ತವರ ಹೆಸರಿಗೂ ಕೂಲಿ ಬರೆದದ್ದು ಹಾಗೆ ಓದಿದಾಗಲೇ ಹೊರಬಿದ್ದದ್ದು. 2005ರ ಮಾಹಿತಿ ಹಕ್ಕಿನ ಬೇರು ಅಲ್ಲಿದೆ.

ಇನ್ನು ಹಣ. ಪಂಚಾಯ್ತಿಗೆ ತನ್ನದೆಂದು ಇರುವುದು ಮನೆ ಕಂದಾಯ, ನೀರಿನ ಕಂದಾಯ, ಅಂಗಡಿ ಲೈಸೆನ್ಸಿನಂಥ ಬಾಬ್ತು. ಉಳಿದದ್ದು ಮೇಲಿಂದ ಬರಬೇಕು. 2021–26ರ ಅವಧಿಗೆ 15ನೇ ಹಣಕಾಸು ಆಯೋಗ ಕೊಟ್ಟ ಅನುದಾನದಲ್ಲಿ ನೂರಕ್ಕೆ ಅರವತ್ತು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟುಬಿದ್ದಿತ್ತು. ಉಳಿದ ನಲವತ್ತರಲ್ಲೂ ಸಂಬಳ ಕೊಡುವ ಹಾಗಿರಲಿಲ್ಲ. ರಾಜ್ಯದ ಶಾಸನಬದ್ಧ ಅನುದಾನದ ಬಹುಪಾಲನ್ನು ನೀರಿನ ಮೋಟಾರಿನ, ಬೀದಿದೀಪದ ಕರೆಂಟ್ ಬಿಲ್ಲೇ ನುಂಗುತ್ತದೆ. ಹಲಗೆಯಲ್ಲೂ ಉದ್ದದ ಸಾಲು ಅದೇ.

ಜಮಾಬಂದಿಯ ದಿನ ಹನ್ನೊಂದಕ್ಕೆ ಅಧಿಕಾರಿಗಳ ತಂಡ ಜೀಪಿನಲ್ಲಿ ಬಂತು. ಬೆಳಿಗ್ಗೆಯೇ ಒಬ್ಬರು ತಮಟೆ ಬಡಿದು ಬೀದಿ ಬೀದಿಗೆ ಸಾರಿದ್ದರು. ಮೇಜಿನ ಮೇಲೆ ನಗದು ಪುಸ್ತಕ, ವೋಚರ್ ಫೈಲು, ಕಂದಾಯದ ಬೇಡಿಕೆ–ವಸೂಲಿ–ಬಾಕಿ ವಹಿ, ನಡಾವಳಿ ಪುಸ್ತಕ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಓದುತ್ತಾ ಹೋದರು, ತಂಡದವರು ಟಿಕ್ ಹಾಕುತ್ತಾ ಬಂದರು. ಕೂತಿದ್ದವರು ಮೂವತ್ತು ಜನರೂ ಇರಲಿಲ್ಲ. ಆಮೇಲೆ ಟೇಪು ಹಿಡಿದು ಮೋರಿಯ ಕಡೆ ಹೊರಟರು, ಹಿಂದೆ ಮಕ್ಕಳ ದಂಡು. ಮಾರಮ್ಮನ ಗುಡಿ ಹತ್ತಿರ ಅಜ್ಜಿಯೊಬ್ಬರು ಕೋಲೂರಿಕೊಂಡು ಎದುರಾದರು. “ಏನಪ್ಪಾ, ನಮ್ಮ ಬೀದಿಗೆ ಎರಡು ಬಲ್ಬು ಅಂತ ಡೈರಿ ಗೋಡೇಲಿ ಬರ್ದವ್ರೆ. ಉರಿಯೋದು ಒಂದೇ. ಇನ್ನೊಂದು ಎಲ್ಲೋಯ್ತು?” ಅಜ್ಜಿಗೆ ಓದು ಬಾರದು. ಹಾಲು ಹಾಕಲು ಹೋಗುವ ಮೊಮ್ಮಗಳು ಓದಿ ಹೇಳಿದ್ದಾಳೆ. ಅಧಿಕಾರಿ ನಿಂತು, ಕಂಬ ನೋಡಿ, ವರದಿಯಲ್ಲಿ ಬರೆದುಕೊಂಡರು. ಸಂಜೆಯೊಳಗೆ ನೀರುಗಂಟಿ ಏಣಿ ತಂದು ಬಲ್ಬು ಹಾಕಿದ್ದನ್ನು ನಾನೇ ನೋಡಿದೆ.

ಮನೆ ಮಂಜೂರಿನ ಫಲಾನುಭವಿಗಳನ್ನು ಆರಿಸುವ ಗ್ರಾಮಸಭೆ ಇದ್ದರೆ ಜಮಾಬಂದಿ ನಡೆದ ಇದೇ ಅಂಗಳದಲ್ಲಿ ಶಾಮಿಯಾನ ಸಾಲುವುದಿಲ್ಲವಂತೆ. ಲೆಕ್ಕ ಕೇಳಲು ಬರುವವರು ಮೂವತ್ತು. ಜನರನ್ನು ದೂರಿ ಫಲವಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದು, ಅರ್ಥವಾಗದ ಭಾಷೆಯಲ್ಲಿ ಅಂಕಿ ಕೇಳಿಸಿಕೊಂಡು ಹೋಗಿ ಎಂದರೆ ಯಾರು ಬರುತ್ತಾರೆ? ಪಂಚಾಯ್ತಿ ಲೆಕ್ಕವೆಲ್ಲ ಈಗ ‘ಪಂಚತಂತ್ರ’ ತಂತ್ರಾಂಶಕ್ಕೆ ಏರುತ್ತದೆ. ಅದು ಒಳ್ಳೆಯದೇ, ಮೊದಲಿನಂತೆ ಪುಸ್ತಕ ತಿದ್ದುವುದು ಸುಲಭವಲ್ಲ. ಆದರೆ ಆ ಲೆಕ್ಕ ಅಜ್ಜಿಯ ಕಿವಿಗೆ ಬೀಳಬೇಕಾದರೆ ಅದನ್ನು ಬೇವಿನಮರದಿಂದ ಮಾರಮ್ಮನ ಗುಡಿ ತನಕ ಎಂದು ಯಾರಾದರೂ ಬರೆಯಲೇಬೇಕು. ಒಂದು ಡಬ್ಬಿ ಕರಿಬಣ್ಣ, ಒಂದು ಪೊಟ್ಟಣ ಸೀಮೆಸುಣ್ಣ. ಯಾವ ಪಂಚಾಯ್ತಿಗೂ ಇದು ಭಾರವಲ್ಲ. ಶಾಸಕರ ಅನುದಾನ ವರ್ಷಕ್ಕೆ 2 ಕೋಟಿ ರೂಪಾಯಿ. ಅದರ ಖರ್ಚನ್ನೂ ಕ್ಷೇತ್ರದ ಪ್ರತಿ ಹಳ್ಳಿಯ ಡೈರಿ ಮುಂದೆ ಹೀಗೇ ಬರೆಯಿಸಿದರೆ ಎಷ್ಟು ಚೆನ್ನ.

ಈಗ ಹಲಗೆ ಬರೆಯುವುದು ಊರಿನ ಗ್ರಂಥಾಲಯಕ್ಕೆ ಬರುವ ಕಾಲೇಜು ಹುಡುಗಿ. ಅಂಕಿ ಕೊಡುವುದನ್ನು ಪಂಚಾಯ್ತಿ ನಿಲ್ಲಿಸಿಲ್ಲ, ಆದರೆ ಕೆಲವು ತಿಂಗಳು ತಡವಾಗುತ್ತದೆ. ನಾನು ಹೋದಾಗ ಹಲಗೆಯಲ್ಲಿದ್ದದ್ದು ಎರಡು ತಿಂಗಳ ಹಿಂದಿನ ಲೆಕ್ಕ. ಡೈರಿಗೆ ಹೊಸ ಕಟ್ಟಡವೂ ಮಂಜೂರಾಗಿದೆ, ಹಳೆಯದನ್ನು ಕೆಡವುತ್ತಾರೆ. ಹೊಸ ಗೋಡೆಗೆ ಟೈಲ್ಸ್ ಹಾಕುತ್ತಾರಂತೆ. ಬಾಗಿಲ ಪಕ್ಕ ಆರಡಿ ಜಾಗ ಸಿಮೆಂಟಿನಲ್ಲೇ ಬಿಡಿ ಎಂದು ಅಧ್ಯಕ್ಷಮ್ಮ ಡೈರಿ ಸೆಕ್ರೆಟರಿಯನ್ನು ಎರಡು ಸಲ ಕೇಳಿದ್ದಾರೆ. ನೋಡೋಣ ಎಂದಿದ್ದಾರಂತೆ.

ಬಸ್‌ಸ್ಟ್ಯಾಂಡಿನ ತನಕ ಬಂದು ಕಳಿಸಿಕೊಟ್ಟ ಅಧ್ಯಕ್ಷಮ್ಮ ಕೇಳಿದ್ದು ಒಂದೇ: “ನಿಮ್ಮೂರ ಜಮಾಬಂದಿ ಯಾವತ್ತು ಸಾ?” ನನಗೆ ಗೊತ್ತಿರಲಿಲ್ಲ. ಓದುತ್ತಿರುವ ನಿಮ್ಮ ಊರಿನದು ನಿಮಗೆ ಗೊತ್ತಿರದಿದ್ದರೆ, ಆಗಸ್ಟ್ ಹದಿನಾರು ಕಳೆದ ಮೇಲೆ ಒಮ್ಮೆ ಪಂಚಾಯ್ತಿಗೆ ಫೋನು ಮಾಡಿ ದಿನ ಕೇಳಿ. ಒಂದು ಹೊತ್ತು ಬಿಡುವು ಮಾಡಿಕೊಂಡು ಹೋಗಿ ಕೂತು, ನಿಮ್ಮ ಬೀದಿಯ ಬಲ್ಬಿನ ಲೆಕ್ಕ ಓದಿಸಿ ಬನ್ನಿ.