ಟಿಕೆಟ್ಟು ಅಗ್ಗ, ಹೊತ್ತಿಗೆ ರೈಲು ಎಲ್ಲಿ?

ದೇವನಹಳ್ಳಿ: ದೊಡ್ಡಜಾಲ ದಾಟಿ ದೇವನಹಳ್ಳಿ ಕಡೆಗೆ ಹೊರಟ ರೈಲು ನಡುವೆ ಒಂದು ಪುಟ್ಟ ಪ್ಲಾಟ್‌ಫಾರಂ ಪಕ್ಕ ನಿಲ್ಲುತ್ತದೆ. ಸ್ಟೇಷನ್ ಚಿಕ್ಕದು, ಹೆಸರು ಮಾತ್ರ ಭಾರಿ: ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹಾಲ್ಟ್! ಹೆಸರು ಓದಿ ಇಳಿದವರು ವಿಮಾನ ಎಲ್ಲಿ ಅಂತ ಕತ್ತೆತ್ತಿ ನೋಡಬೇಕು. ಟರ್ಮಿನಲ್ ಸೇರಲು ಇನ್ನೂ ಮೂರೂವರೆ-ನಾಲ್ಕು ಕಿ.ಮೀ. ಬಸ್ಸಿನಲ್ಲಿ ಹೋಗಬೇಕು.

ಹಾಲ್ಟ್ ಹೊಸದಾದರೂ ದಾರಿ ಹಳೆಯದು. ಮೈಸೂರು ಸಂಸ್ಥಾನದ ಕಾಲದಲ್ಲಿ, 1915ರ ಸುಮಾರಿಗೆ, ಯಲಹಂಕದಿಂದ ಚಿಕ್ಕಬಳ್ಳಾಪುರದತ್ತ ಪುಟ್ಟ ರೈಲು ಓಡತೊಡಗಿತು. ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್ ಹಳಿ. ಆ ಕಡೆ ಕೋಲಾರ, ಬಂಗಾರಪೇಟೆಯವರೆಗೂ ಇದೇ ಬಗೆಯ ಹಳಿ ಇತ್ತು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ಆ ಕಾಲದ ಸ್ಟೇಷನ್ ಕಟ್ಟಡಗಳು ಉಳಿದುಕೊಂಡು ಬಂದವು. ಪಾಳು ಬೀಳುತ್ತಿದ್ದ ಇವುಗಳ ಜೀರ್ಣೋದ್ಧಾರಕ್ಕೆ ಇತ್ತೀಚಿನ ವರ್ಷಗಳಲ್ಲಿ ನೈಋತ್ಯ ರೈಲ್ವೆ ಮತ್ತು ಇಂಟ್ಯಾಕ್ ಸಂಸ್ಥೆ ಕೈಹಾಕಿದ್ದು ಸಂತೋಷದ ವಿಷಯ.

ಯಲಹಂಕ-ಚಿಕ್ಕಬಳ್ಳಾಪುರ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಅಲ್ಲಿಂದ ಮುಂದೆ ಕೋಲಾರದವರೆಗಿನ ಭಾಗ ಮಾತ್ರ 2013ರ ತನಕ ಕಾಯಬೇಕಾಯಿತು. ಅಷ್ಟರಲ್ಲಿ ಸೀಮೆಯ ನಸೀಬೇ ಬದಲಾಗಿತ್ತು. ಚಕ್ಕೋತ, ದ್ರಾಕ್ಷಿಗೆ ಹೆಸರಾದ ನೆಲದಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ಇಳಿಯಿತು. ರೈಲು ಅದರ ಮಗ್ಗುಲಲ್ಲೇ ಓಡುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಅದು ನಿಂತದ್ದು 2021ರ ಜನವರಿ 4ರಂದು. ವಿಮಾನ ನಿಲ್ದಾಣದ ಕಂಪನಿಯೇ ಹಾಲ್ಟ್ ಕಟ್ಟಿಸಿಕೊಟ್ಟಿತು. ಟರ್ಮಿನಲ್‌ಗೆ ಬಸ್ಸಿನ ಏರ್ಪಾಡೂ ಆಯಿತು. ಆಗ ನಗರದಿಂದ ಟಿಕೆಟ್ ದರ 10-15 ರೂ. ಅದೇ ದಾರಿಗೆ ಟ್ಯಾಕ್ಸಿಯವರಿಗೆ ನೂರಾರು ರೂಪಾಯಿ ಎಣಿಸಬೇಕು. ಇನ್ನೇನು ಬೇಕು?

ಬೇಕಾದದ್ದು ಹೊತ್ತಿಗೆ ಸರಿಯಾದ ರೈಲು. ಮೊದಲ ದಿನಗಳ ಉತ್ಸಾಹ ಇಳಿದ ಮೇಲೆ ಬೋಗಿಗಳು ಖಾಲಿ ಹೊಡೆದವು. ಅದಕ್ಕೆ ಕಾರಣ ಗುಟ್ಟೇನಲ್ಲ. ವಿಮಾನ ನಿಲ್ದಾಣಕ್ಕೆ ಹಗಲು-ರಾತ್ರಿ ಎಂಬುದಿಲ್ಲ. ಅಲ್ಲಿಗೆ ಬರುವವರೆಲ್ಲ ಸೂಟ್‌ಕೇಸು ಹಿಡಿದವರೂ ಅಲ್ಲ. ಸಾಮಾನು ಎತ್ತುವವರು, ಕಸ ಗುಡಿಸುವವರು, ಕಾವಲು ಕಾಯುವವರು, ಕ್ಯಾಂಟೀನಿನ ಹುಡುಗರು ಮೂರು ಪಾಳಿಯಲ್ಲಿ ದುಡಿಯುತ್ತಾರೆ. ಅಗ್ಗದ ರೈಲು ನಿಜವಾಗಿ ಬೇಕಾದದ್ದು ಇವರಿಗೆ. ಪಾಳಿ ಬಿಟ್ಟ ಮೇಲೆ ತಾಸುಗಟ್ಟಲೆ ಕಾಯಬೇಕು ಅಂದರೆ ಯಾರು ಕಾಯುತ್ತಾರೆ? ಬಸ್ಸೇ ವಾಸಿ ಅಂತ ಹೊರಟುಬಿಡುತ್ತಾರೆ. ಜನ ಇಲ್ಲ ಅಂತ ರೈಲು ಕಮ್ಮಿ, ರೈಲು ಕಮ್ಮಿ ಅಂತ ಜನ ಇಲ್ಲ!

ರೈಲ್ವೆಯವರನ್ನಷ್ಟೇ ಬೈದು ಫಲವಿಲ್ಲ. ಇದು ಒಂಟಿ ಹಳಿಯ ದಾರಿ. ಎದುರಿನ ಗಾಡಿಗೆ ದಾರಿ ಬಿಡಲು ಬೇರೆ ಹಳಿಯಿರುವ ಸ್ಟೇಷನ್ನೇ ಬೇಕು. ಹಾಲ್ಟ್‌ನಲ್ಲಿ ಕ್ರಾಸಿಂಗ್ ಆಗದು. ಹಾಗಾಗಿ ಬೇಕೆಂದಾಗ ಇನ್ನೊಂದು ರೈಲು ತೂರಿಸುವುದು ಸುಲಭವಲ್ಲ. 2022ರಲ್ಲಿ ವಿದ್ಯುತ್ ತಂತಿ ಬಂತು, ಮೆಮು ಗಾಡಿಯೂ ಬಂತು. ಅದು ನಿಂತು ಬೇಗ ಹೊರಡುತ್ತದೆ ನಿಜ, ಆದರೆ ಹಳಿ ಎರಡಾಗಲಿಲ್ಲವಲ್ಲ!

ಅದೇ 2022ರ ಜೂನ್ 20ರಂದು ಬೆಂಗಳೂರು ಉಪನಗರ ರೈಲಿಗೆ ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ., ಅಂದಾಜು 15,767 ಕೋಟಿ ರೂ. ನಾಲ್ಕಕ್ಕೂ ಹೂವು-ಚಿನ್ನದ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಈ ಸೀಮೆಯ ಪಾಲಿಗೆ ಬಂದದ್ದು ಸಂಪಿಗೆ: ಬೆಂಗಳೂರು ಸಿಟಿ ಸ್ಟೇಷನ್ನಿನಿಂದ ಯಲಹಂಕದ ಮೇಲೆ ದೇವನಹಳ್ಳಿಗೆ 41 ಕಿ.ಮೀ. ಆದರೆ ಕೆಲಸ ಮೊದಲು ಹಿಡಿದದ್ದು ಬೈಯಪ್ಪನಹಳ್ಳಿ-ಚಿಕ್ಕಬಾಣಾವರದ ಮಲ್ಲಿಗೆಯಲ್ಲಿ. ಸಂಪಿಗೆ ಅರಳುವುದು ಯಾವಾಗಲೋ!

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಇರುವ ರೈಲುಗಳ ವೇಳೆಯನ್ನು ಪಾಳಿ ಶುರುವಾಗುವ, ಮುಗಿಯುವ ಹೊತ್ತಿಗೆ ಹೊಂದಿಸಬಹುದು. ರೈಲು ತಡವಾದರೂ ಹಾಲ್ಟ್‌ನಲ್ಲಿ ಬಸ್ಸು ಕಾದು ನಿಲ್ಲುವಂತೆ ಮಾಡಬಹುದು. ಇದಕ್ಕೆ ಹೊಸ ಹಳಿ ಬೇಡ, ಕೋಟಿ ರೂಪಾಯಿಯೂ ಬೇಡ. ರೈಲ್ವೆಯವರೂ ವಿಮಾನ ನಿಲ್ದಾಣದವರೂ ಒಂದು ಮೇಜಿನ ಸುತ್ತ ಕೂತು ಗಡಿಯಾರ ನೋಡಿದರೆ ಸಾಕು. ಪಾಳಿ ಮುಗಿಸಿ ರಸ್ತೆ ಬದಿ ನಿಂತವರು ಅಷ್ಟನ್ನಾದರೂ ನಿರೀಕ್ಷಿಸುವುದು ತಪ್ಪೇ?